ಸೆಲ್ಯೂಟ್ ಹೊಡೆಯೋ ಶಾಸಕ ನಮಗೆ ಬೇಕಾ?

ಬಂಗಾರಪೇಟೆಯಲ್ಲಿ ಒಂದು ಸಭೆ. ಹಾಸ್ಟೆಲ್ ಹುಡುಗರನ್ನೆಲ್ಲ ಸಾಲಾಗಿ ಕರೆದುಕೊಂಡು ಹೋಗಿ ಮುಂದಿನ ಕುರ್ಚಿಗಳಲ್ಲಿ ಕೂರಿಸಿದ್ದರು. ಯಾಕೆ ಅಂತ ಯಾರೂ ಹೇಳಿರಲಿಲ್ಲ. ಹೋದಮೇಲೆ ಗೊತ್ತಾಯಿತು, ಚಪ್ಪಾಳೆ ಹೊಡೆಯೋಕೆ ಜನ ಬೇಕಿತ್ತು. ವೇದಿಕೆ ಮೇಲೆ ನಮ್ಮವರೇ ಒಬ್ಬರು, ನಮ್ಮ ಜಾತಿಯವರು, ಟಿಕೆಟ್ಟಿಗಾಗಿ ಓಡಾಡುತ್ತಿದ್ದವರು. ಎದೆ ಮೇಲೆ ಮೆಡಲು, ತಲೆ ಮೇಲೆ ಮಿಲಿಟರಿ ಟೋಪಿ. ಮೈಕು ಹಿಡಿದವನು "ದೇಶ ಕಾಯ್ದವರು, ಇನ್ನು ಕ್ಷೇತ್ರ ಕಾಯ್ತಾರೆ" ಅಂತ ಕೂಗಿದ. ನಾವೂ ಚಪ್ಪಾಳೆ ಹೊಡೆದೆವು. ಸುಳ್ಳು ಯಾಕೆ ಹೇಳೋಣ, ಮನಸ್ಸಿಟ್ಟೇ ಹೊಡೆದೆವು. ನಮ್ಮವನೊಬ್ಬ ಅಷ್ಟು ನೆಟ್ಟಗೆ ನಿಂತಿದ್ದನ್ನು ನೋಡಿದರೆ ಯಾವ ಕೇರಿಯ ಹುಡುಗನಿಗೆ ಎದೆ ಉಬ್ಬೋದಿಲ್ಲ?

ಸಭೆ ಮುಗಿದಮೇಲೆ ನಾವು ನಾಲ್ಕೈದು ಜನ ಅವರ ಹತ್ತಿರ ಹೋಗಿ ಹಾಸ್ಟೆಲಿನ ನೀರಿನ ಸಮಸ್ಯೆ, ಊಟದ ಲೆಕ್ಕದ ಗೋಲ್ಮಾಲು ಎಲ್ಲ ಬರೆದಿದ್ದ ಅರ್ಜಿ ಕೊಟ್ಟೆವು. ಅವರು ನಮಗೊಂದು ಸೆಲ್ಯೂಟ್ ಹೊಡೆದರು. ಅರ್ಜಿಯನ್ನು ಮಡಿಸಿ ಪಕ್ಕದವನ ಕೈಗೆ ಕೊಟ್ಟರು. "ಮೇಲಿನವರ ಹತ್ರ ಮಾತಾಡ್ತೀನಿ, ಅವರು ಏನು ಹೇಳ್ತಾರೋ ನೋಡೋಣ" ಅಂದರು. ಹಾಸ್ಟೆಲಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಜಗಳವೋ ಜಗಳ. ಅರ್ಧ ಜನ "ಪಾಪ, ಒಳ್ಳೆಯವರು ಕಣ್ರೋ" ಅಂದರು. ಇನ್ನರ್ಧ ಜನ ಕೇಳಿದ್ದು ಒಂದೇ ಮಾತು: "ಮೇಲಿನವರು ಅಂದರೆ ಯಾರು?"

ಆ ಪ್ರಶ್ನೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಆ ಸಮವಸ್ತ್ರದ ಬಗ್ಗೆ ನಾಲ್ಕು ಮಾತು. ನಾವು ಅದನ್ನು ಹಗುರವಾಗಿ ನೋಡುವವರಲ್ಲ. ದಲಿತ ಚಳವಳಿಯ ಮೊದಲ ಅಕ್ಷರ ಹುಟ್ಟಿದ್ದರಲ್ಲಿ ದಂಡಿಗೂ ಒಂದು ಪಾಲಿದೆ. ಬಾಬಾಸಾಹೇಬರು 1891ರ ಏಪ್ರಿಲ್ 14ರಂದು ಹುಟ್ಟಿದ್ದು ಊರ ಹೊರಗಿನ ಕೇರಿಯಲ್ಲಲ್ಲ, ಮ್ಹೌ ಎಂಬ ದಂಡು ಪ್ರದೇಶದಲ್ಲಿ. ತಂದೆ ರಾಮಜಿ ಸಕ್ಪಾಲರು ಸುಬೇದಾರರು. ಊರಿನ ಶಾಲೆ ನಮ್ಮವರಿಗೆ ಬಾಗಿಲು ಹಾಕಿದ್ದ ಕಾಲದಲ್ಲಿ ದಂಡಿನ ಶಾಲೆ ಬಾಗಿಲು ತೆಗೆದಿತ್ತು. ರಾಮಜಿಯವರು ಅದರಲ್ಲಿ ಮೇಷ್ಟರೂ ಆಗಿದ್ದರು. ಓದು, ಕಾಲಿಗೆ ಬೂಟು, ತಿಂಗಳಾದರೆ ಸಂಬಳ, ಮುಪ್ಪಿಗೆ ಪಿಂಚಣಿ. ಇಷ್ಟಿದ್ದದ್ದರಿಂದಲೇ ಒಬ್ಬ ಅಂಬೇಡ್ಕರ್ ಕಾಲೇಜಿನ ಮೆಟ್ಟಿಲು ಹತ್ತುವುದಕ್ಕಾಯಿತು.

ನಮ್ಮ ಕಡೆಗೂ ಈ ಕತೆ ಹೊಸದಲ್ಲ. ಬೆಂಗಳೂರಿನ ಹಲಸೂರು ಕೆರೆ ದಂಡೆಯ ಮದ್ರಾಸ್ ಸ್ಯಾಪರ್ಸ್ ದಂಡಿಗೆ ಹಿಂದೆ ಸ್ಯಾಪರ್ಸ್ ಅಂಡ್ ಮೈನರ್ಸ್ ಅಂತ ಹೆಸರಿತ್ತು. ಕಂದಕ ತೋಡೋದು, ಸೇತುವೆ ಕಟ್ಟೋದು, ಸುರಂಗ ಕೊರೆಯೋದು ಅವರ ಕೆಲಸ. ತಮಿಳು ಸೀಮೆಯ ಪರಯ್ಯರು ಆ ದಂಡಿನಲ್ಲಿ ತಲೆಮಾರುಗಳ ಕಾಲ ಬೆವರು ಸುರಿಸಿದರು. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ ಬಾಬಾಸಾಹೇಬರು ಒತ್ತಾಯ ಮಾಡಿದ್ದರ ಫಲವಾಗಿ ಮಹಾರ್ ರೆಜಿಮೆಂಟು ಹುಟ್ಟಿತು. ಅದರ ಮೊದಲ ತುಕಡಿ ಕಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಬೆಳಗಾವಿಯಲ್ಲಿ, 1941ರ ಅಕ್ಟೋಬರಿನಲ್ಲಿ.

ಆದರೆ ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ನಾವು ಪೋಸ್ಟರು ಅಂಟಿಸುವವರಾಗುತ್ತೇವೆ. ಮಿಕ್ಕದ್ದನ್ನೂ ಹೇಳಬೇಕು. 1890ರ ದಶಕದ ಆರಂಭದಲ್ಲಿ ಇದೇ ಬ್ರಿಟಿಷ್ ಸರ್ಕಾರ ಮಹಾರರನ್ನು ದಂಡಿಗೆ ಸೇರಿಸಿಕೊಳ್ಳೋದನ್ನೇ ನಿಲ್ಲಿಸಿಬಿಟ್ಟಿತು. ಕೆಲವು ಜಾತಿ ಮಾತ್ರ ಹುಟ್ಟಾ ಶೂರರು, ಮಿಕ್ಕವರು ಲಾಯಕ್ಕಿಲ್ಲ ಅಂತ ಅವರ ಹೊಸ ಸಿದ್ಧಾಂತ. ಮನುವಿನ ಶಾಸ್ತ್ರವನ್ನೇ ಇಂಗ್ಲಿಷಿನಲ್ಲಿ ಬರೆದುಕೊಂಡಂಗೆ. ಮೊದಲ ಮಹಾಯುದ್ಧದಲ್ಲಿ ಹೆಣ ಬೀಳೋಕೆ ಶುರುವಾದಾಗ ಮತ್ತೆ ನಮ್ಮವರ ನೆನಪಾಯಿತು. 1917ರಲ್ಲಿ ಮಹಾರರ ಒಂದು ತುಕಡಿ ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಅದನ್ನೂ ಮುರಿದರು. ಬೇಕಾದಾಗ ಬಾ, ಬೇಡವಾದಾಗ ಹೋಗು. ಗೌಡರ ಮನೆ ಜೀತಕ್ಕೂ ಇದಕ್ಕೂ ಏನು ವ್ಯತ್ಯಾಸ?

ಬಾಬಾಸಾಹೇಬರು ತಮ್ಮ ಬಾಲ್ಯದ ಒಂದು ಪ್ರಸಂಗವನ್ನು ಬರೆದಿದ್ದಾರೆ. 1901ರಲ್ಲಿ ಸುಬೇದಾರರ ಮಕ್ಕಳು ಒಳ್ಳೆ ಬಟ್ಟೆ ಹಾಕಿಕೊಂಡು ಮಸೂರು ಸ್ಟೇಷನ್ನಿನಲ್ಲಿ ರೈಲಿಳಿದರು. ಯಾರೋ ಮೇಲ್ಜಾತಿ ಮಕ್ಕಳು ಅಂದುಕೊಂಡು ಸ್ಟೇಷನ್ ಮಾಸ್ಟರು ಪ್ರೀತಿಯಿಂದ ವಿಚಾರಿಸಿದ. ಮಹಾರರು ಅಂತ ಗೊತ್ತಾದ ಕೂಡಲೇ ಮುಖ ತಿರುಗಿಸಿ ಹಿಂದೆ ಸರಿದ. ಆ ರಾತ್ರಿ ದಾರಿಯಲ್ಲಿ ಆ ಮಕ್ಕಳಿಗೆ ಕುಡಿಯೋಕೆ ನೀರು ಸಿಗಲಿಲ್ಲ. ಅಪ್ಪನ ಸುಬೇದಾರಿಕೆ ಮಗನಿಗೆ ಒಂದು ಲೋಟ ನೀರು ಕೊಡಿಸಲಿಲ್ಲ! ಸಮವಸ್ತ್ರ ಏನು ಕೊಡುತ್ತೆ, ಏನು ಕೊಡೋದಿಲ್ಲ ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳೋಕಾಗಲ್ಲ.

ಹಾಗಾದರೆ ಸಿಪಾಯಿಯಾಗಿದ್ದವನು ಜನರ ಪ್ರತಿನಿಧಿಯಾಗಬಾರದಾ? ಆಗಬಹುದು. ಅದಕ್ಕೂ ನಮ್ಮಲ್ಲಿ ಒಬ್ಬ ಹಿರಿಯನಿದ್ದಾನೆ. ಗೋಪಾಲಬಾಬಾ ವಲಂಗಕರ್ ಅಂತ ಹೆಸರು. ದಂಡಿನಲ್ಲಿ ಕೆಲಸ ಮಾಡಿ 1886ರಲ್ಲಿ ನಿವೃತ್ತಿಯಾದ ಮಹಾರ್. ಪಿಂಚಣಿ ತಗೊಂಡು ಜಗಲಿ ಮೇಲೆ ಕೂತು ಹಳೇ ಯುದ್ಧದ ಕತೆ ಹೇಳಿಕೊಂಡು ಇರಬಹುದಿತ್ತು. ಇರಲಿಲ್ಲ. ಸಂಘ ಕಟ್ಟಿದ. ಪತ್ರಿಕೆಗಳಿಗೆ ಬರೆದ. ದಂಡಿನಲ್ಲಿ ನಮ್ಮವರ ಭರ್ತಿ ನಿಲ್ಲಿಸಿದ್ದು ಯಾಕೆ ಅಂತ ಅದೇ ದಂಡಿನ ದೊರೆಗಳಿಗೆ ಅರ್ಜಿ ತಯಾರು ಮಾಡಿದ. 1895ರಲ್ಲಿ ಅವನನ್ನು ಮಹಾಡದ ಲೋಕಲ್ ಬೋರ್ಡಿಗೆ ಸದಸ್ಯನಾಗಿ ನೇಮಿಸಿದಾಗ ಪಕ್ಕದ ಕುರ್ಚಿಯಲ್ಲಿ ಕೂರೋಕೆ ಮೇಲ್ಜಾತಿ ಸದಸ್ಯರಿಗೆ ಮೈಯೆಲ್ಲ ಉರಿಯಿತು. ಅದೇ ಮಹಾಡದಲ್ಲಿ 1927ರಲ್ಲಿ ಬಾಬಾಸಾಹೇಬರು ಚವದಾರ ಕೆರೆಯ ನೀರು ಮುಟ್ಟಿದರು.

ವಲಂಗಕರ್ ದಂಡಿನಿಂದ ಏನು ತಂದ ನೋಡಿ. ಶಿಸ್ತು ತಂದ, ಅಕ್ಷರ ತಂದ, ಧೈರ್ಯ ತಂದ. ಒಂದನ್ನು ಮಾತ್ರ ದಂಡಿನ ಗೇಟಿನಲ್ಲೇ ಬಿಟ್ಟು ಬಂದ: 'ಆಜ್ಞೆ ಆಯ್ತು, ಎದುರು ಮಾತಾಡಬೇಡ' ಅನ್ನೋದನ್ನು. ಅದನ್ನು ಬಿಟ್ಟುಬಂದಿದ್ದಕ್ಕೇ ಅವನು ನಾಯಕನಾದ. ನಾವು ಹೇಳಬೇಕು ಅಂತಿರೋದು ಇಷ್ಟೇ. ಸಿಪಾಯಿಗೆ ಆಜ್ಞೆ ಪಾಲಿಸೋದು ಕರ್ತವ್ಯ. ಶಾಸಕನಾದಮೇಲೆ ಅದೇ ಅಭ್ಯಾಸ ಇಟ್ಟುಕೊಂಡರೆ ಅದು ತನ್ನ ಜನಕ್ಕೆ ಮಾಡೋ ದ್ರೋಹ.

ಇದನ್ನು ಪುಸ್ತಕದಿಂದ ಹೇಳುತ್ತಿಲ್ಲ. ನಮ್ಮ ಕೆಜಿಎಫ್ ನೆಲವೇ ಇದನ್ನು ಕಲಿಸಿದೆ.

ಕೋಲಾರದ ಚಿನ್ನದ ಕತೆಯನ್ನು ಎಲ್ಲರೂ ಯಾರಿಂದ ಶುರು ಮಾಡುತ್ತಾರೆ? ಇಬ್ಬರು ಬಿಳಿ ಸಿಪಾಯಿಗಳಿಂದ. ಒಬ್ಬ ಲೆಫ್ಟಿನೆಂಟ್ ಜಾನ್ ವಾರೆನ್. ಟಿಪ್ಪು ಬಿದ್ದಮೇಲೆ ಈ ಕಡೆ ಸರ್ವೆಗೆ ಬಂದವನು, 1802ರಲ್ಲಿ ಮಾರಿಕುಪ್ಪಂ ಸುತ್ತ ಚಿನ್ನ ಇದೆ ಅಂತ ಬರೆದ. ಇನ್ನೊಬ್ಬ ಮೈಕೆಲ್ ಲೆವೆಲ್ಲಿ. ನ್ಯೂಜಿಲೆಂಡಿನ ಯುದ್ಧದಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ನೆಲೆಸಿದ್ದವನು, ವಾರೆನ್ ಬರೆದಿದ್ದನ್ನು ಓದಿಕೊಂಡು ಎತ್ತಿನ ಗಾಡಿಯಲ್ಲಿ ಬಂದ, 1870ರ ದಶಕದಲ್ಲಿ ಲೈಸೆನ್ಸು ಪಡೆದ. ಆಮೇಲೆ 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ವಾರೆನ್ ಬರೋದಕ್ಕೆ ಮುಂಚೆಯೇ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದವರು, ಹಗ್ಗ ಹಿಡಿದು ಗುಂಡಿಗೆ ಇಳಿಯುತ್ತಿದ್ದವರು ಯಾರು? ಆ ಸೀಮೆಯ ಹೊಲೆಯರು, ಪರಯ್ಯರು. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ನಿವೃತ್ತ ಸಿಪಾಯಿಯ ಹೆಸರಿಗೆ ಬೆಂಗಳೂರಿನಲ್ಲಿ ಒಂದು ರಸ್ತೆಯೇ ಇದೆ.

ಗಣಿಯಲ್ಲಿ ಬಂದೂಕು ಇದ್ದದ್ದು ಯಾರ ಕಡೆ? ಕಂಪನಿಯ ಕಡೆ. ಬಿಳಿಯರಿಗೆ, ಆಂಗ್ಲೋ ಇಂಡಿಯನ್ನರಿಗೆ ಅಂತಲೇ ಕೆಜಿಎಫ್‌ನಲ್ಲಿ ಒಂದು ವಾಲಂಟಿಯರ್ ತುಕಡಿ ಇತ್ತು. ಕಾವಲಿಗೆ ಪಂಜಾಬಿನಿಂದ ಜನ ತಂದಿದ್ದರು. ಅತ್ತ ಉತ್ತರ ಆರ್ಕಾಟಿನಿಂದ, ಸೇಲಂನಿಂದ ಜೀತ ಬಿಟ್ಟು, ಬರಗಾಲ ಬಿಟ್ಟು ಓಡಿಬಂದ ನಮ್ಮವರು ತಟ್ಟಿ ಗೋಡೆಯ ಲೈನುಗಳಲ್ಲಿ ಇದ್ದರು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂತು ಅಂತ ಎಲ್ಲ ಶಾಲೆ ಪುಸ್ತಕದಲ್ಲಿದೆ. ಅದು ಯಂತ್ರಕ್ಕೆ ಬಂದ ಕರೆಂಟು. ಲೈನಿನ ಗುಡಿಸಲಿಗೆ ಬಂದದ್ದಲ್ಲ. ಚಾಂಪಿಯನ್ ರೀಫಿನಲ್ಲಿ 3 ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದರು. ಬಂಡೆ ಸಿಡಿದು ಸತ್ತರು, ಧೂಳು ಕುಡಿದು ಕೆಮ್ಮಿ ಸತ್ತರು. 120 ವರ್ಷದಲ್ಲಿ ಹೊರಗೆ ಬಂದ ಚಿನ್ನ ಸುಮಾರು 800 ಟನ್. ನಮ್ಮ ಲೈನಿನ ಹೆಂಗಸರ ಕೊರಳಲ್ಲಿ ಅದರ ಒಂದು ಗುಂಜಿ ಹುಡುಕಿ ತೋರಿಸಿ ನೋಡೋಣ.

ಆದರೂ ಆ ಜನ ಬಾಗಲಿಲ್ಲ. ಅದೇ ಆಶ್ಚರ್ಯ. ಅಯೋತಿದಾಸ ಪಂಡಿತರ ಬೌದ್ಧ ಸಂಘ ಮಾರಿಕುಪ್ಪಂನಲ್ಲಿ ಬೇರು ಬಿಟ್ಟಿತು. ಊರಿನವರು ಇನ್ನೂ ನಮ್ಮನ್ನು ನೆರಳು ಸೋಕದಂತೆ ನಿಲ್ಲಿಸುತ್ತಿದ್ದಾಗ ಗಣಿ ಕೂಲಿಗಳು ಬುದ್ಧನನ್ನು ಓದುತ್ತಿದ್ದರು. ಪಂಡಿತರು ತೀರಿಕೊಂಡಮೇಲೆ ಅವರ 'ತಮಿಳನ್' ಪತ್ರಿಕೆಯನ್ನು ಕೆಜಿಎಫ್‌ನಿಂದಲೂ ನಡೆಸಿದರು. 1930ರಲ್ಲಿ ಹೆಬ್ಬೆಟ್ಟು ಒತ್ತಿ ರಿಜಿಸ್ಟರ್ ಆಗಬೇಕು ಅಂತ ಕಂಪನಿ ಹೇಳಿದಾಗ, "ನಾವೇನು ಕಳ್ಳರಾ?" ಅಂತ ಸುಮಾರು 3 ವಾರ ಗಣಿ ನಿಲ್ಲಿಸಿದರು. 1946ರ ನವೆಂಬರ್ 4ರಂದು ಗುಂಡು ಹಾರಿತು, 6 ಜನ ಕಾರ್ಮಿಕರು ಸತ್ತರು. 1954ರಲ್ಲಿ ಬಾಬಾಸಾಹೇಬರೇ ಕೆಜಿಎಫ್‌ಗೆ ಬಂದರು. ಬೂಟು, ಮೆಡಲು ಇಲ್ಲದ ದಂಡು ಇದು. ನಮ್ಮ ಲೆಕ್ಕದಲ್ಲಿ ಕೋಲಾರ ಜಿಲ್ಲೆಯ ನಿಜವಾದ ಮಾಜಿ ಸೈನಿಕರು ಇವರೇ.

ಈ ದಂಡು ಯಾವ ಥರದ ಶಾಸಕರನ್ನು ಹುಟ್ಟಿಸಿತು ನೋಡಿ. 1952ರ ಮೊದಲ ಚುನಾವಣೆಯಲ್ಲಿ, ದೇಶವೆಲ್ಲ ನೆಹರೂ ಅಂತ ಕೂಗುತ್ತಿದ್ದಾಗ, ಕೆಜಿಎಫ್ ಕಳಿಸಿದ್ದು ಕಮ್ಯುನಿಸ್ಟ್ ಕೆ.ಎಸ್. ವಾಸನ್ ಅವರನ್ನು ಮತ್ತು ಬಾಬಾಸಾಹೇಬರ ಪರಿಶಿಷ್ಟ ಜಾತಿ ಫೆಡರೇಷನ್ನಿನ ಸ್ವಾಮಿದೊರೈ ಅವರನ್ನು. 1978ರಲ್ಲಿ ದೇವರಾಜ ಅರಸು ನೇತೃತ್ವದಲ್ಲಿ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಗೆದ್ದಿತು. ಆ ಪ್ರವಾಹದಲ್ಲೂ ಕೆಜಿಎಫ್ ರಿಪಬ್ಲಿಕನ್ ಪಕ್ಷದ ಸಿ.ಎಂ. ಆರ್ಮುಗಂ ಅವರನ್ನು ಗೆಲ್ಲಿಸಿತು. 1985ರಲ್ಲಿ ಹೆಗಡೆಯವರ ಜನತಾ ಅಲೆ. ಕೆಜಿಎಫ್ ಆರಿಸಿದ್ದು ಮಾರ್ಕ್ಸ್‌ವಾದಿ ಟಿ.ಎಸ್. ಮಣಿ ಅವರನ್ನು. 1994ರಲ್ಲಿ ದೇವೇಗೌಡರ ಅಲೆ. ಕೆಜಿಎಫ್ ಆರಿಸಿದ್ದು ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್ ಅವರನ್ನು. ನಡುನಡುವೆ ಅಣ್ಣಾ ಡಿಎಂಕೆ ಗೆದ್ದಿತು, ಅದು ಬೇರೆ ಮಾತು. ಆ ಅಲೆಗಳಲ್ಲಿ ಯಾವುದೂ ಸೈನೈಡ್ ದಿಬ್ಬ ಹತ್ತಲಿಲ್ಲ ಅನ್ನೋದು ನಿಜ.

ಇದು ಹೇಗೆ ಸಾಧ್ಯವಾಯಿತು? ಕೆಜಿಎಫ್ ಜನ ಹುಟ್ಟಾ ಶೂರರು ಅಂತ ನಾವು ಹೇಳೋದಿಲ್ಲ. ಆ ಮಾತು ಬ್ರಿಟಿಷರಿಗೆ ಬಿಟ್ಟಿದ್ದು. ಕಾರಣ ಬೇರೆ. ಒಂದು, ನಮ್ಮವರು ಚೆದುರಿರಲಿಲ್ಲ, ಸಾವಿರಗಟ್ಟಲೆ ಜನ ಒಂದೇ ಕಡೆ ಲೈನುಗಳಲ್ಲಿದ್ದರು. ಎರಡು, ಅವರ ಅನ್ನ ಊರ ಗೌಡನ ಕೈಯಲ್ಲಿರಲಿಲ್ಲ. ಸಂಬಳ ಕಂಪನಿಯದು, ಆಮೇಲೆ ಸರ್ಕಾರದ್ದು. ಓಟು ಹಾಕಿದ ಮಾರನೇ ದಿನ ಗದ್ದೆಗೆ ಬರಬೇಡ ಅನ್ನೋ ದಣಿ ಅಲ್ಲಿರಲಿಲ್ಲ. ಮೂರು, ಯೂನಿಯನ್ ಇತ್ತು, ಸಂಘ ಇತ್ತು, ಪತ್ರಿಕೆ ಓದಿ ಹೇಳೋರಿದ್ದರು. ಗೆದ್ದವನು ಲೈನಿಗೆ ಬಂದು ಉತ್ತರ ಹೇಳಲೇಬೇಕಿತ್ತು. ಅಲ್ಲಿ 'ಮೇಲಿನವರು' ಅಂದರೆ ಗಣಿಯ ಕೆಳಗೆ ಕೆಲಸ ಮಾಡೋರು!

1932ರ ಸೆಪ್ಟೆಂಬರಿನಲ್ಲಿ ಪುಣೆಯಲ್ಲಿ ಬಾಬಾಸಾಹೇಬರಿಂದ ಕಿತ್ತುಕೊಂಡಿದ್ದು ಇದನ್ನೇ. ಪ್ರತ್ಯೇಕ ಮತದಾನ ಅಂದರೆ ನಮ್ಮ ಪ್ರತಿನಿಧಿ ನಮಗೆ ಮಾತ್ರ ಉತ್ತರ ಹೇಳಬೇಕಾದವನು. ಗಾಂಧಿಯವರು ಉಪವಾಸ ಕೂತರು. ಯರವಡಾ ಜೈಲಿನ ನೆರಳಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಸೀಟು 71ರಿಂದ 148ಕ್ಕೆ ಏರಿತು, ಆದರೆ ಆ ಸೀಟಿನಲ್ಲಿ ಯಾರು ಕೂರಬೇಕು ಅಂತ ತೀರ್ಮಾನಿಸೋ ಓಟು ಎಲ್ಲರ ಕೈಗೂ ಹೋಯಿತು. ಅಂದಿನಿಂದ ಮೀಸಲು ಕ್ಷೇತ್ರದಲ್ಲಿ ಗೆಲ್ಲಬೇಕಾದರೆ ದಲಿತ ಅಭ್ಯರ್ಥಿ ದಲಿತೇತರರಿಗೆ ಹೆದರಿಕೆ ಹುಟ್ಟಿಸದ ಹಾಗೆ ಇರಬೇಕು. ನಗಬೇಕು, ಬಾಗಬೇಕು, ಸೆಲ್ಯೂಟ್ ಹೊಡೆಯಬೇಕು. ಕೆಜಿಎಫ್ ಮಾತ್ರ, ಸಂಖ್ಯೆ ಮತ್ತು ಸಂಘಟನೆಯ ಬಲದಿಂದ, ಪುಣೆ ಒಪ್ಪಂದವನ್ನು ತನ್ನ ಮಟ್ಟಿಗೆ ಹರಿದು ಹಾಕಿಕೊಂಡಿತ್ತು.

ಇಲ್ಲಿ ಒಬ್ಬರು ಹಿರಿಯರು ನಮಗೆ ಹಾಕಿದ ಪ್ರಶ್ನೆಯನ್ನು ಮುಚ್ಚಿಡೋದಿಲ್ಲ. "ಒಂಟಿ ಶಾಸಕ ಏನು ಕಡಿದು ಹಾಕಿದ? ಗಣಿ ಮುಚ್ಚೋದನ್ನು ತಪ್ಪಿಸಿದನಾ? ಆಳೋ ಪಕ್ಷದಲ್ಲಿದ್ದಿದ್ದರೆ ಒಂದು ರಸ್ತೆ, ಒಂದು ಬೋರ್‌ವೆಲ್ ಆದರೂ ಬರುತ್ತಿತ್ತು." ಈ ಮಾತಿನಲ್ಲಿ ಹುರುಳಿಲ್ಲ ಅನ್ನೋಕಾಗಲ್ಲ. ವಿಧಾನಸೌಧದಲ್ಲಿ ಒಬ್ಬನ ದನಿ ಒಬ್ಬನದೇ. 2001ರ ಫೆಬ್ರವರಿ ಕೊನೆಗೆ ಕೇಂದ್ರ ಸರ್ಕಾರದ ಬಿಜಿಎಂಎಲ್ ಗಣಿಗೆ ಬೀಗ ಬಿತ್ತು, ಯಾವ ಶಾಸಕನೂ ತಡೆಯಲಿಲ್ಲ. ಆದರೆ ನಾವೂ ಒಂದು ಕೇಳ್ತೀವಿ. ಆಮೇಲೆ ಆಳೋ ಪಕ್ಷ, ದೊಡ್ಡ ಪಕ್ಷಗಳಿಂದಲೇ ಆರಿಸಿ ಕಳಿಸಿದೆವಲ್ಲ, ಗಣಿ ಬೀಗ ತೆಗೆಯಿತಾ? ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡೋ ರೈಲಿನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಗಾರ್ಮೆಂಟ್ಸಿಗೆ, ಸೆಕ್ಯುರಿಟಿ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗೋ ನಮ್ಮ ಅಕ್ಕಂದಿರು, ಅಣ್ಣಂದಿರು ಬಂಗಾರಪೇಟೆ ಬರೋಷ್ಟರಲ್ಲಿ ನಿಂತುಕೊಂಡೇ ನಿದ್ದೆ ಮಾಡುತ್ತಿರುತ್ತಾರೆ. ಬೋರ್‌ವೆಲ್ ಕೊಟ್ಟ ಪಕ್ಷ ಈ ನಿದ್ದೆಗೆ ಏನು ಕೊಟ್ಟಿತು?

ನಮ್ಮ ತಪ್ಪನ್ನೂ ಹೇಳಬೇಕು. ಕೆಜಿಎಫ್ ಲೈನಿಗೂ ಬಂಗಾರಪೇಟೆ ಹಳ್ಳಿ ಕೇರಿಗೂ ನಡುವೆ ಇರೋದು ಒಂದಿಷ್ಟು ಕಿಲೋಮೀಟರ್ ಹಳಿ. ಆದರೆ ಚಳವಳಿಗಳು ಆ ದೂರವನ್ನು ದಾಟಲಿಲ್ಲ. ಲೈನಿನ ನೀಲಿ ಬಾವುಟ ತಮಿಳು ಮಾತಾಡಿತು. ಹಳ್ಳಿ ಕೇರಿಯ ದಲಿತ ಸಂಘರ್ಷ ಸಮಿತಿ ಕನ್ನಡದಲ್ಲಿ ಹಾಡಿತು, ತೆಲುಗಿನಲ್ಲಿ ಮಾತಾಡಿತು. ಅವರು ನಮ್ಮನ್ನು ಹಳ್ಳಿಗಮಾರರು ಅಂದುಕೊಂಡರು. ನಾವು ಅವರನ್ನು ಹೊರಗಿನವರು ಅಂದೆವು. ನೂರು ವರ್ಷ ಈ ನೆಲದ ಹೊಟ್ಟೆಯೊಳಗೆ ಇಳಿದವರು ಹೊರಗಿನವರಂತೆ! ಇಬ್ಬರೂ ಬಾಬಾಸಾಹೇಬರ ಒಂದೇ ಫೋಟೋಗೆ ಬೇರೆ ಬೇರೆ ದಿನ ಹಾರ ಹಾಕಿದೆವು. ಲಾಭ ಯಾರಿಗಾಯಿತು ಅಂತ ಬೇರೆ ಹೇಳಬೇಕಾ?

2008ರಲ್ಲಿ ಕ್ಷೇತ್ರಗಳ ಗಡಿ ಬದಲಾಯಿತು. ಬೇತಮಂಗಲ ಕ್ಷೇತ್ರ ಅಳಿಸಿಹೋಯಿತು. ಕೆಜಿಎಫ್ ಜೊತೆಗೆ ಬಂಗಾರಪೇಟೆಯೂ ಮೀಸಲಾಯಿತು. ಲೆಕ್ಕದಲ್ಲಿ ನಮ್ಮ ಬಲ ಹೆಚ್ಚಾಗಬೇಕಿತ್ತು. ಆದದ್ದೇನು? ಗಣಿ ಮುಚ್ಚಿ, ಯೂನಿಯನ್ ಚದುರಿ, ಲೈನು ಖಾಲಿಯಾದಮೇಲೆ ಟಿಕೆಟ್ಟು ಲೈನಿನಿಂದ ಬೆಂಗಳೂರಿಗೆ, ದೆಹಲಿಗೆ ಹೋಯಿತು. 2008ರಲ್ಲಿ ಗೆದ್ದವರ ತಾಯಿ 2013ರಲ್ಲಿ, ಕೇಂದ್ರದಲ್ಲಿ ಮಂತ್ರಿಯಾಗಿದ್ದವರ ಮಗಳು 2018ರಲ್ಲಿ, 2023ರಲ್ಲಿ. ಹೆಣ್ಣುಮಕ್ಕಳು ಗೆದ್ದದ್ದಕ್ಕೆ ನಮಗೆ ಸಂತೋಷವೇ. ನಮ್ಮ ಪ್ರಶ್ನೆ ವ್ಯಕ್ತಿಗಳ ಮೇಲಲ್ಲ. ಮುಂಜಾನೆ ರೈಲು ಹತ್ತೋ ಗಾರ್ಮೆಂಟ್ಸ್ ಅಕ್ಕನಿಗೆ ಆ ಟಿಕೆಟ್ಟು ಯಾವತ್ತಾದರೂ ಸಿಗುತ್ತಾ?

ಗೆದ್ದಮೇಲೆ ಏನಾಗುತ್ತೆ ಅಂತಲೂ ತಿಳಿದುಕೊಳ್ಳಿ. 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ಬಂತು, ಹತ್ತನೇ ಷೆಡ್ಯೂಲು ಸೇರಿತು. ಪಕ್ಷಾಂತರ ತಡೆಯೋಕೆ ಅಂತ. ಪಕ್ಷದ ವಿಪ್ಪಿಗೆ ವಿರುದ್ಧ ಓಟು ಹಾಕಿದರೆ ಶಾಸಕನ ಸೀಟು ಹೋಗಬಹುದು. ಕಾಸಿಗೆ ಮಾರಿಕೊಳ್ಳೋರನ್ನು ಅದು ಎಷ್ಟು ತಡೆಯಿತು ಅಂತ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಆತ್ಮಸಾಕ್ಷಿಗೆ ಓಟು ಹಾಕೋರನ್ನು ಮಾತ್ರ ಚೆನ್ನಾಗಿ ತಡೆಯುತ್ತೆ. ನಮ್ಮ ಕೇರಿಗೆ ವಿರುದ್ಧವಾದ ಒಂದು ಮಸೂದೆ ಬಂದರೆ, ಮೀಸಲು ಕ್ಷೇತ್ರದ ಶಾಸಕ ಎದ್ದು 'ಇಲ್ಲ' ಅಂತ ಓಟು ಹಾಕಿದರೆ, ಮನೆಗೆ ಹೋಗಬೇಕು. ಪುಣೆ ಒಪ್ಪಂದ ಒಂದು ಕೈ ಕಟ್ಟಿತು, ವಿಪ್ಪು ಇನ್ನೊಂದು ಕೈ ಕಟ್ಟಿತು. ಎರಡೂ ಕೈ ಕಟ್ಟಿಸಿಕೊಂಡು ನೆಟ್ಟಗೆ ನಿಂತವನನ್ನು ನೋಡಿ ನಾವು ಶಿಸ್ತು ಅಂತ ಚಪ್ಪಾಳೆ ಹೊಡೀತಾ ಇದ್ದೀವಿ.

ಕೊನೆಗೆ ನಿಮ್ಮ ಮಾತಿಗೆ ಬರೋಣ, ಹಾಸ್ಟೆಲ್ ಗೆಳೆಯರೇ. ಬೆಳಿಗ್ಗೆ ಐದಕ್ಕೆ ಎದ್ದು ಕೆಜಿಎಫ್‌ನ ಮೈದಾನದಲ್ಲಿ, ಬಂಗಾರಪೇಟೆ ರಸ್ತೆಯಲ್ಲಿ ಓಡೋ ಹುಡುಗರಲ್ಲಿ ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಮಿಲಿಟರಿ ಸೇರಬೇಕು ಅಂತ. ಓಡಿ, ನಾವು ಬೇಡ ಅನ್ನಲ್ಲ. ಆದರೆ ಕಣ್ಣು ಬಿಟ್ಟುಕೊಂಡು ಓಡಿ. ರಾಮಜಿ ಸಕ್ಪಾಲರಿಗೆ ಇದ್ದ ಪಿಂಚಣಿ ನಿಮಗಿಲ್ಲ. 2022ರಿಂದ ಅಗ್ನಿಪಥ. ನಾಲ್ಕು ವರ್ಷ, ಆಮೇಲೆ ನೂರಕ್ಕೆ ಇಪ್ಪತ್ತೈದರಷ್ಟು ಜನಕ್ಕೆ ಕೆಲಸ ಖಾಯಂ, ಮಿಕ್ಕವರಿಗೆ ಸುಮಾರು 11.7 ಲಕ್ಷ ರೂಪಾಯಿ ಗಂಟು, ಒಂದು ನಮಸ್ಕಾರ. ಸೇನೆಯ ಭರ್ತಿಯಲ್ಲಿ ಜಾತಿ ಮೀಸಲಾತಿಯೂ ಇಲ್ಲ. 1921ರಲ್ಲಿ ತುಕಡಿ ಮುರಿದು ಮನೆಗೆ ಕಳಿಸಿದ್ದರಲ್ಲ, ಆ ಕತೆ ಈಗ ನಾಲ್ಕು ವರ್ಷಕ್ಕೊಂದು ಸಲ. ಇಪ್ಪತ್ತೈದು ವಯಸ್ಸಿಗೆ ಮಾಜಿ ಸೈನಿಕರಾಗಿ ಊರಿಗೆ ಬರ್ತೀರಿ. ಆಗ ಪಕ್ಷದ ಪುಢಾರಿಗಳು ನಿಮ್ಮ ಮನೆ ಬಾಗಿಲಿಗೆ ಬರ್ತಾರೆ. ನಿಮ್ಮ ಟೋಪಿ ಬೇಕು, ನಿಮ್ಮ ಮೆಡಲು ಬೇಕು, ನಿಮ್ಮ ಜಾತಿ ಸರ್ಟಿಫಿಕೇಟು ಬೇಕು. ನಿಮ್ಮ ನಾಲಿಗೆ ಮಾತ್ರ ಬೇಡ.

ಆ ದಿನಕ್ಕೆ ಈಗಲೇ ತಯಾರಾಗಿ. ವಲಂಗಕರ್ ಆಗ್ತೀರಾ, ಇಲ್ಲಾ ವೇದಿಕೆಯ ಗೊಂಬೆ ಆಗ್ತೀರಾ?

ಮುಂದಿನ ಸಲ ನಮ್ಮನ್ನು ಸಾಲಾಗಿ ಸಭೆಗೆ ಕರೆದುಕೊಂಡು ಹೋದರೆ, ಬಂದವರು ಸೈನಿಕರಾಗಿರಲಿ, ಮೇಷ್ಟರಾಗಿರಲಿ, ನಮ್ಮ ಜಾತಿಯವರೇ ಆಗಿರಲಿ, ಮೂರು ಪ್ರಶ್ನೆ ಕೇಳೋಣ. ನಿಮ್ಮ ಟಿಕೆಟ್ಟು ಯಾರು ಕೊಟ್ಟರು? ನಮ್ಮ ವಿರುದ್ಧ ನಿಮ್ಮ ಪಕ್ಷ ಓಟು ಹಾಕು ಅಂದರೆ ಏನು ಮಾಡ್ತೀರಿ? ವರ್ಷಕ್ಕೆ ಎಷ್ಟು ಸಲ ಈ ಹಾಸ್ಟೆಲಿಗೆ, ಆ ಲೈನಿಗೆ, ಈ ಕೇರಿಗೆ ಬಂದು ಲೆಕ್ಕ ಹೇಳ್ತೀರಿ? ಉತ್ತರ ಬರೆದುಕೊಳ್ಳೋಣ. ದಿನಾಂಕ ಹಾಕೋಣ. ಮುಂದಿನ ವರ್ಷ ಅದೇ ಕಾಗದ ಹಿಡಕೊಂಡು ಹೋಗೋಣ.

ಇದಕ್ಕೆ ಬರೀ ಪ್ರಶ್ನೆ ಸಾಲದು ಅಂತ ನಮಗೂ ಗೊತ್ತು. ಪ್ರಶ್ನೆ ಹಿಂದೆ ಜನ ಇರಬೇಕು. ಗಣಿ ಇಲ್ಲ, ಯೂನಿಯನ್ ಇಲ್ಲ. ಆದರೆ ಹಾಸ್ಟೆಲ್ ಇದೆ. ಒಂದೇ ಕಡೆ ಇನ್ನೂರು ಜನ, ಗೌಡನ ಹಂಗಿಲ್ಲದ ಊಟ, ಓದೋಕೆ ಬರೆಯೋಕೆ ಬರೋ ಕೈ. ಅಂದಿನ ಲೈನಿಗಿದ್ದದ್ದು ಇವೇ ಮೂರು. ರೈಲಿದೆ, ಅದರಲ್ಲಿ ದಿನಾ ಒಟ್ಟಿಗೆ ನಿಂತು ಹೋಗೋ ಜನ ಇದ್ದಾರೆ. ತಮಿಳಿನವನು ತಮಿಳಲ್ಲಿ, ತೆಲುಗಿನವನು ತೆಲುಗಲ್ಲಿ, ನಾವು ಕನ್ನಡದಲ್ಲಿ ಒಂದೇ ಮಾತು ಹೇಳೋಕೆ ಈ ಏಪ್ರಿಲ್ 14ರಿಂದಾದರೂ ಶುರು ಮಾಡೋಣ. ಬಂಗಾರಪೇಟೆ ಕೇರಿಯ ಹುಡುಗರು ಮಾರಿಕುಪ್ಪಂ ಲೈನಿಗೆ ಹೋಗಲಿ, ಲೈನಿನವರು ಕೇರಿಗೆ ಬರಲಿ. ಹಾರ ಒಂದೇ ದಿನ, ಒಂದೇ ಫೋಟೋಗೆ ಬೀಳಲಿ.

ನಮ್ಮ ಅರ್ಜಿಯ ಗತಿ ಏನಾಯಿತು ಅಂತ ಕೇಳ್ತೀರಾ? ಇವತ್ತಿನವರೆಗೂ ಉತ್ತರ ಬಂದಿಲ್ಲ. ನಕಲು ಇಟ್ಟುಕೊಂಡಿದ್ದೇವೆ. ಸಂಗಾತಿಗಳೇ, ಮುಂದಿನ ಸಭೆಗೆ ಅದನ್ನು ತಗೊಂಡು ಹೋಗ್ತಾ ಇದ್ದೇವೆ. ಈ ಸಲ ನಾಲ್ಕೈದು ಜನ ಸಾಲದು. ನೀವೂ ಬನ್ನಿ.

ಜೈ ಭೀಮ್.